ಬೇಡವೆಂದವರೇ ಕಟ್ಟಿದ ಪಕ್ಷ

1796ರ ಶರತ್ಕಾಲದಲ್ಲಿ ಪೆನ್ಸಿಲ್ವೇನಿಯಾದ ಮತದಾರನಿಗೆ ಒಂದು ದೊಡ್ಡ ತೊಡಕು ಎದುರಾಗಿತ್ತು. ಜಾರ್ಜ್ ವಾಷಿಂಗ್ಟನ್ ತಾನು ಮತ್ತೆ ಅಧ್ಯಕ್ಷನಾಗುವುದಿಲ್ಲವೆಂದು ಸೆಪ್ಟೆಂಬರ್‌ನಲ್ಲಿ ಪತ್ರಿಕೆಯ ಮೂಲಕ ತಿಳಿಸಿಬಿಟ್ಟಿದ್ದ. ಹೊಸ ಅಧ್ಯಕ್ಷ ಬೇಕಿತ್ತು. ಆದರೆ ಮತದಾರ ನೇರವಾಗಿ ಅಧ್ಯಕ್ಷನಿಗೆ ಮತ ಹಾಕುವಂತಿರಲಿಲ್ಲ. ಅಧ್ಯಕ್ಷನನ್ನು ಆರಿಸುವ ‘ಎಲೆಕ್ಟರ್’ಗಳನ್ನು ಅವನು ಆರಿಸಬೇಕು, ಪೆನ್ಸಿಲ್ವೇನಿಯಾದ ಪಾಲಿಗೆ ಅಂಥವರು 15 ಮಂದಿ. ಆ 15 ಹೆಸರೂ ಚೀಟಿಯಲ್ಲಿ ಕೈಬರಹದಲ್ಲೇ ಇರಬೇಕು, ಅಚ್ಚು ಹಾಕಿಸಿದ ಚೀಟಿ ಸಲ್ಲದು. ಯಾವ ಎಲೆಕ್ಟರ್ ಯಾರ ಕಡೆಯವನು ಎಂದು ಎಲ್ಲಿಯೂ ನಮೂದಾಗಿರುವುದಿಲ್ಲ. ಬೆಟ್ಟಗಳಾಚೆ ಜೋಳ ಬೆಳೆಯುತ್ತಿದ್ದ ರೈತನಿಗೆ ಥಾಮಸ್ ಜೆಫರ್ಸನ್ ಅಧ್ಯಕ್ಷನಾಗಲಿ ಎಂಬ ಆಸೆ ಇದ್ದರೂ ಯಾವ 15 ಹೆಸರು ಬರೆದರೆ ಆ ಆಸೆ ಈಡೇರುತ್ತದೆ ಎಂಬುದು ಅವನಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಆ ದಾರಿಯನ್ನು ಹಾಕಿಕೊಟ್ಟವನು ಜಾನ್ ಬೆಕ್ಲಿ. ಹನ್ನೊಂದರ ವಯಸ್ಸಿನಲ್ಲಿ ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಕರಾರಿನ ಆಳಾಗಿ ಬಂದು, ಒಬ್ಬ ಸಸ್ಯಶಾಸ್ತ್ರಜ್ಞನ ಬಳಿ ಬರವಣಿಗೆಯ ಕೆಲಸ ಮಾಡಿಕೊಂಡು ಬೆಳೆದವನು. ಈಗ ಅಮೆರಿಕದ ಪ್ರತಿನಿಧಿ ಸಭೆಯ ಮುಖ್ಯ ಗುಮಾಸ್ತ. ಅವನ ಕೈಬರಹ ಚೆನ್ನಾಗಿತ್ತು, ಬರೆಯಬಲ್ಲ ಗೆಳೆಯರೂ ಇದ್ದರು. 15 ಹೆಸರುಗಳ ಪಟ್ಟಿಯೊಂದನ್ನು ಗೊತ್ತುಮಾಡಿ, ಅದನ್ನು ಚೀಟಿಚೀಟಿಯಾಗಿ ಬರೆದು ಬರೆಸಿ, ಕುದುರೆ ಸವಾರರ ಕೈಲಿ ಜಿಲ್ಲೆ ಜಿಲ್ಲೆಗೆ ಕಳಿಸಿದ. ಹಾಗೆ ಹೋದ ಚೀಟಿಗಳು ಸುಮಾರು 30 ಸಾವಿರ. ಮತ ಎಣಿಸಿದಾಗ ಪೆನ್ಸಿಲ್ವೇನಿಯಾದ 15 ಎಲೆಕ್ಟರ್ ಮತಗಳಲ್ಲಿ 14 ಜೆಫರ್ಸನ್‌ಗೆ ಬಂದಿದ್ದವು. ಜೆಫರ್ಸನ್ ಈ ಅವಧಿಯಲ್ಲಿ ಮಾಂಟಿಚೆಲ್ಲೊದ ತನ್ನ ಎಸ್ಟೇಟಿನಲ್ಲೇ ಇದ್ದ, ಒಂದು ಭಾಷಣವನ್ನೂ ಮಾಡಿರಲಿಲ್ಲ. ದೇಶದ ಒಟ್ಟು ಲೆಕ್ಕದಲ್ಲಿ ಜಾನ್ ಆಡಮ್ಸ್ 71, ಜೆಫರ್ಸನ್ 68. ಮೂರೇ ಮತಗಳ ಅಂತರ.

ರಾಜಕೀಯ ಪಕ್ಷ ಎಂದರೆ ನಮ್ಮ ಕಣ್ಣಿಗೆ ಬರುವುದು ಬಾವುಟ, ಚಿಹ್ನೆ, ಪ್ರಣಾಳಿಕೆ. ಅಮೆರಿಕದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ಹೀಗೆ, ದೀಪದ ಬೆಳಕಿನಲ್ಲಿ ಸಾವಿರಾರು ಬಾರಿ ನಕಲು ಮಾಡಿದ ಹೆಸರುಗಳ ಪಟ್ಟಿಯಾಗಿ. ಅದನ್ನು ಬರೆದವರೇ ‘ಪಕ್ಷ’ ಎಂಬುದನ್ನು ಒಂದು ರೋಗವೆಂದು ನಂಬಿದ್ದರು. ಇಂದು ಜಗತ್ತಿನ ಬಹುಪಾಲು ಪ್ರಜಾಪ್ರಭುತ್ವಗಳು ಯಾವುದಿಲ್ಲದೆ ಒಂದು ದಿನವೂ ನಡೆಯಲಾರವೋ ಆ ಸಂಸ್ಥೆಯನ್ನು ಅದರ ವೈರಿಗಳೇ ತುಂಡು ತುಂಡಾಗಿ ಕಂಡುಹಿಡಿದ ಕತೆ ಇದು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನವನ್ನು ತಿರುವಿ ಹಾಕಿದರೆ ಪಕ್ಷದ ಮಾತೇ ಇಲ್ಲ. ಇಲ್ಲದಿರುವುದು ಮಾತ್ರವಲ್ಲ, ಪಕ್ಷಗಳು ಹುಟ್ಟಲಾರವು ಎಂಬ ನಂಬಿಕೆಯ ಮೇಲೆಯೇ ಅಧ್ಯಕ್ಷರ ಆಯ್ಕೆಯ ವಿಧಾನವನ್ನು ರೂಪಿಸಿದ್ದರು. ಪ್ರತಿ ಎಲೆಕ್ಟರ್ ಇಬ್ಬರ ಹೆಸರು ಬರೆಯಬೇಕು. ಅತಿ ಹೆಚ್ಚು ಮತ ಪಡೆದವನು ಅಧ್ಯಕ್ಷ, ಎರಡನೆಯವನು ಉಪಾಧ್ಯಕ್ಷ. ದೇಶದ ಇಬ್ಬರು ಅತ್ಯುತ್ತಮ ವ್ಯಕ್ತಿಗಳು ಜೊತೆಗೂಡಿ ಆಳುತ್ತಾರೆ ಎಂಬ ಕಲ್ಪನೆ. ಅವರಿಬ್ಬರೂ ಪರಸ್ಪರ ವಿರೋಧಿಗಳಾಗಿರಬಹುದು ಎಂಬ ಯೋಚನೆ ಆ ವಿಧಾನದಲ್ಲಿ ಎಲ್ಲೂ ಇಲ್ಲ. 1796ರಲ್ಲಿ ಆದದ್ದು ಅದೇ. ಆಡಮ್ಸ್ ಅಧ್ಯಕ್ಷನಾದ, ಅವನನ್ನು ಸೋಲಿಸಲು ಜನ ಯಾರನ್ನು ನಿಲ್ಲಿಸಿದ್ದರೋ ಆ ಜೆಫರ್ಸನ್ ಅವನ ಉಪಾಧ್ಯಕ್ಷನಾದ.

ಸಂವಿಧಾನದ ಮುಖ್ಯ ಶಿಲ್ಪಿ ಜೇಮ್ಸ್ ಮ್ಯಾಡಿಸನ್ ಗುಂಪುಗಾರಿಕೆಯ ಬಗ್ಗೆ ಯೋಚಿಸಿರಲಿಲ್ಲವೆಂದಲ್ಲ. ಆ ಕಾಲದಲ್ಲಿ ಅವನಷ್ಟು ಆಳವಾಗಿ ಯೋಚಿಸಿದವರೇ ವಿರಳ. 1787ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅವನು ಬರೆದ ಲೇಖನದ ವಾದ ಹೀಗಿತ್ತು: ಸ್ವಾತಂತ್ರ್ಯ ಇರುವಲ್ಲಿ ಬಣಗಳು ಹುಟ್ಟಿಯೇ ಹುಟ್ಟುತ್ತವೆ, ಆಸ್ತಿಯ ಏರುಪೇರೇ ಅವುಗಳ ದೊಡ್ಡ ಬೇರು. ಆದರೆ ದೇಶ ವಿಶಾಲವಾದಷ್ಟೂ ಬಣಗಳು ಹೆಚ್ಚಾಗಿ, ಚದುರಿಹೋಗಿ, ಯಾವ ಒಂದೂ ಬಹುಮತವಾಗಿ ಒಟ್ಟುಗೂಡಲಾರದು. ದೂರವೇ ಮದ್ದು ಎಂಬುದು ಅವನ ಲೆಕ್ಕ. ನಾಲ್ಕು ವರ್ಷ ಕಳೆಯುವುದರೊಳಗೆ ಆ ದೂರವನ್ನು ದಾಟುವ ಉಪಾಯವನ್ನು ಹುಡುಕಿದವನೂ ಅವನೇ.

ಅದಕ್ಕೆ ಕಾರಣ ಸಾಲ. ಖಜಾನೆ ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1790ರ ಜನವರಿಯಲ್ಲಿ ಒಂದು ವರದಿ ಮಂಡಿಸಿದ. ಸ್ವಾತಂತ್ರ್ಯ ಯುದ್ಧದ ಸಾಲಪತ್ರಗಳನ್ನು ಈಗ ಯಾರ ಕೈಲಿವೆಯೋ ಅವರಿಗೆ ಪೂರ್ಣ ಮೌಲ್ಯ ಕೊಡಬೇಕು, ರಾಜ್ಯಗಳ ಸಾಲವನ್ನೂ ಕೇಂದ್ರವೇ ವಹಿಸಿಕೊಳ್ಳಬೇಕು ಎಂದು. ದೇಶದ ಸಾಲಯೋಗ್ಯತೆಯ ದೃಷ್ಟಿಯಿಂದ ಅದು ಬುದ್ಧಿವಂತ ಯೋಜನೆ. ಆದರೆ ಸಂಬಳದ ಬದಲು ಆ ಕಾಗದಗಳನ್ನು ಪಡೆದಿದ್ದ ಸೈನಿಕರು ಹೊಟ್ಟೆಪಾಡಿಗಾಗಿ ಅವನ್ನು ಮೂರು ಕಾಸಿಗೆ ಮಾರಿಕೊಂಡಿದ್ದರು. ಈಗ ಲಾಭ ಕೊಂಡವರಿಗೆ. ಮೂಲ ಸೈನಿಕರಿಗೂ ಒಂದು ಪಾಲು ಸಿಗಲಿ ಎಂದು ಮ್ಯಾಡಿಸನ್ ತಂದ ಸೂಚನೆ 36–13 ಮತಗಳಿಂದ ಬಿದ್ದುಹೋಯಿತು. ಮರುವರ್ಷ ಹ್ಯಾಮಿಲ್ಟನ್ ಒಂದು ಕೋಟಿ ಡಾಲರ್ ಬಂಡವಾಳದ ರಾಷ್ಟ್ರೀಯ ಬ್ಯಾಂಕನ್ನೂ ಗೆದ್ದುಕೊಂಡ. ಸದನದೊಳಗೆ ಒಳ್ಳೆಯ ವಾದ ಮಾಡಿದರೆ ಸಾಲದು, ಸದನದ ಹೊರಗಿನ ಜನರನ್ನು ಒಗ್ಗೂಡಿಸಬೇಕು ಎಂಬುದು ಮ್ಯಾಡಿಸನ್‌ಗೆ ಹೊಳೆದದ್ದು ಈ ಸೋಲುಗಳಲ್ಲಿ.

1791ರ ಬೇಸಿಗೆಯ ಹೊಸ್ತಿಲಲ್ಲಿ ಅವನೂ ಜೆಫರ್ಸನ್ನೂ ನ್ಯೂಯಾರ್ಕ್ ಮತ್ತು ನ್ಯೂ ಇಂಗ್ಲೆಂಡಿನ ಕಡೆ ಪ್ರವಾಸ ಹೊರಟರು. ಗಿಡಮರ ನೋಡಿದರು, ಗೋಧಿಗೆ ಬೀಳುವ ಹುಳುವಿನ ಬಗ್ಗೆ ವಿಚಾರಿಸಿದರು, ಲೇಕ್ ಜಾರ್ಜ್‌ನಲ್ಲಿ ದೋಣಿಯೇರಿದರು. ಜೆಫರ್ಸನ್ ಮಗಳಿಗೆ ಬರ್ಚ್ ಮರದ ತೊಗಟೆಯ ಮೇಲೆ ಕಾಗದ ಬರೆದ. ಇದು ಬರೀ ಸಸ್ಯವಿಹಾರವಲ್ಲ, ನ್ಯೂಯಾರ್ಕಿನ ಹ್ಯಾಮಿಲ್ಟನ್ ವಿರೋಧಿಗಳ ಜೊತೆ ನಂಟು ಬೆಳೆಸುವ ಹೂಟ ಎಂದು ಹ್ಯಾಮಿಲ್ಟನ್ನನ ಗೆಳೆಯರು ಆಗಲೇ ಅವನಿಗೆ ಬರೆದು ತಿಳಿಸಿದರು. ಇತಿಹಾಸಕಾರರು ಇಂದಿಗೂ ಆ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ನನ್ನ ಮಟ್ಟಿಗೆ ಪ್ರವಾಸಕ್ಕಿಂತ ಮುಖ್ಯವಾದದ್ದು ಅದೇ ವರ್ಷದ ಅಕ್ಟೋಬರ್ 31ರಂದು ಫಿಲಡೆಲ್ಫಿಯಾದಲ್ಲಿ ಹೊರಬಂದ ‘ನ್ಯಾಷನಲ್ ಗೆಜೆಟ್’ ಎಂಬ ಪತ್ರಿಕೆ. ಸಂಪಾದಕ ಫಿಲಿಪ್ ಫ್ರೆನೋ, ಕವಿ, ಮ್ಯಾಡಿಸನ್ನನ ಕಾಲೇಜು ಗೆಳೆಯ. ಅವನ ಹೊಟ್ಟೆಪಾಡಿಗೆಂದು ಜೆಫರ್ಸನ್ ತನ್ನ ವಿದೇಶಾಂಗ ಕಚೇರಿಯಲ್ಲಿ ವರ್ಷಕ್ಕೆ 250 ಡಾಲರಿನ ಅನುವಾದಕನ ಕೆಲಸ ಕೊಟ್ಟಿದ್ದ. ಹ್ಯಾಮಿಲ್ಟನ್ ಪರ ಪತ್ರಿಕೆಗೆ ಖಜಾನೆಯ ಮುದ್ರಣದ ಕೆಲಸ ಸಿಗುತ್ತಿತ್ತು. ಹೀಗೆ ಒಂದೇ ಸರ್ಕಾರದ ಹಣದಲ್ಲಿ ಅದರ ಇಬ್ಬರು ಸಚಿವರು ಎರಡು ಪತ್ರಿಕೆಗಳ ಮೂಲಕ ಹೋರಾಡಿದರು. ಅಂಚೆಯಲ್ಲಿ ಊರೂರಿಗೆ ಹೋಗುವ ಪತ್ರಿಕೆ, ದೂರವೇ ಮದ್ದು ಎಂದಿದ್ದ ಮ್ಯಾಡಿಸನ್ನನ ಸಿದ್ಧಾಂತವನ್ನು ಮ್ಯಾಡಿಸನ್ನನ ಕೈಯಿಂದಲೇ ಅಳಿಸಿಹಾಕಿತು. 1792ರ ಜನವರಿಯಲ್ಲಿ ಅವನು ಅದೇ ಪತ್ರಿಕೆಯಲ್ಲಿ ಪಕ್ಷಗಳು ತಪ್ಪಿಸಲಾಗದವು ಎಂದು ಬರೆದ.

ಇಷ್ಟಾದರೂ ಮುಖ್ಯವಾದ ಒಂದು ಸಂಗತಿ ಇನ್ನೂ ಯಾರ ಅರಿವಿಗೂ ಬಂದಿರಲಿಲ್ಲ. ತಮ್ಮದು ಪಕ್ಷ ಎಂದು ಎರಡೂ ಕಡೆಯವರು ಒಪ್ಪುತ್ತಿರಲಿಲ್ಲ. ಜೆಫರ್ಸನ್ ಕಡೆಯ ರಿಪಬ್ಲಿಕನ್ನರಿಗೆ ತಾವೇ ಜನತೆ, ಎದುರಿನವರು ರಾಜಪ್ರಭುತ್ವವನ್ನು ಮರಳಿ ತರಲು ಹೊಂಚುವವರು. (ಇವರು ಇಂದಿನ ರಿಪಬ್ಲಿಕನ್ ಪಕ್ಷದವರಲ್ಲ, ಇಂದಿನ ಡೆಮಾಕ್ರಟಿಕ್ ಪಕ್ಷದ ವಂಶಾವಳಿ ಇವರಿಂದ ಬಂದದ್ದು.) ಹ್ಯಾಮಿಲ್ಟನ್, ಆಡಮ್ಸ್ ಕಡೆಯ ಫೆಡರಲಿಸ್ಟರಿಗೆ ತಾವೇ ಸರ್ಕಾರ, ಎದುರಿನವರು ಫ್ರೆಂಚ್ ಕ್ರಾಂತಿಯ ಬೆಂಕಿಯನ್ನು ಅಮೆರಿಕಕ್ಕೆ ಹಚ್ಚಲು ಬಂದ ದ್ರೋಹಿಗಳು. ಸೋತವನು ಮುಂದಿನ ಚುನಾವಣೆಯ ತನಕ ಗೌರವದಿಂದ ಕಾಯುವ ವಿರೋಧಿ ಎಂಬ ಸ್ಥಾನವೇ ಅವರ ಮನಸ್ಸಿನಲ್ಲಿ ಇರಲಿಲ್ಲ. ಎದುರಾಳಿಯನ್ನು ಒಮ್ಮೆ ಮುಗಿಸಿದರೆ ಪಕ್ಷಗಳೇ ಮುಗಿಯುತ್ತವೆ ಎಂದು ಇಬ್ಬರೂ ಎಣಿಸಿದ್ದರು.

ಆ ಎಣಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದು 1798ರಲ್ಲಿ ಕಂಡಿತು. ಫೆಡರಲಿಸ್ಟರು ರಾಜದ್ರೋಹ ಕಾಯಿದೆ ತಂದರು. ಅಧ್ಯಕ್ಷನನ್ನೋ ಕಾಂಗ್ರೆಸ್ಸನ್ನೋ ದುರುದ್ದೇಶದಿಂದ ನಿಂದಿಸಿದರೆ ಜೈಲು. ಉಪಾಧ್ಯಕ್ಷನ ಹೆಸರು ಮಾತ್ರ ಆ ರಕ್ಷಣೆಯ ಪಟ್ಟಿಯಲ್ಲಿರಲಿಲ್ಲ, ಏಕೆಂದರೆ ಉಪಾಧ್ಯಕ್ಷ ಜೆಫರ್ಸನ್. ಕಾಯಿದೆಯ ಅವಧಿ 1801ರ ಮಾರ್ಚ್ 3ಕ್ಕೆ, ಅಂದರೆ ಆ ಸರ್ಕಾರದ ಕೊನೆಯ ದಿನಕ್ಕೆ ಮುಗಿಯುವಂತೆ ಬರೆದಿದ್ದರು. ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳ ಸೆರೆ, ಸಾವಿರ ಡಾಲರ್ ದಂಡ ಬಿತ್ತು. ಅವನ ಕ್ಷೇತ್ರದ ಜನ ಅವನು ಸೆರೆಮನೆಯಲ್ಲಿರುವಾಗಲೇ ಅವನನ್ನು ಮತ್ತೆ ಆರಿಸಿ ಕಳಿಸಿದರು. ಬೆಕ್ಲಿಯನ್ನು ಅದಾಗಲೇ 1797ರಲ್ಲಿ ಗುಮಾಸ್ತನ ಹುದ್ದೆಯಿಂದ ಫೆಡರಲಿಸ್ಟರು ಇಳಿಸಿದ್ದರು.

1800ರ ಚುನಾವಣೆಯ ವೇಳೆಗೆ ಪಕ್ಷದ ಕಟ್ಟು ಎಷ್ಟು ಬಿಗಿಯಾಗಿತ್ತೆಂದರೆ ಆ ಬಿಗಿಯೇ ಸಂವಿಧಾನವನ್ನು ಮುರಿಯಿತು. ಜೆಫರ್ಸನ್‌ನನ್ನು ಅಧ್ಯಕ್ಷನಾಗಿ, ಆರನ್ ಬರ್‌ನನ್ನು ಉಪಾಧ್ಯಕ್ಷನಾಗಿ ನಿಲ್ಲಿಸಿದ್ದರು. ರಿಪಬ್ಲಿಕನ್ ಎಲೆಕ್ಟರ್‌ಗಳು ಒಬ್ಬರೂ ತಪ್ಪದೆ ಇಬ್ಬರ ಹೆಸರನ್ನೂ ಬರೆದರು. ಫಲ: ಇಬ್ಬರಿಗೂ 73. ಚೀಟಿಯಲ್ಲಿ ಅಧ್ಯಕ್ಷ ಯಾರು, ಉಪಾಧ್ಯಕ್ಷ ಯಾರು ಎಂಬ ಗುರುತಿಲ್ಲ. ತೀರ್ಮಾನ ಪ್ರತಿನಿಧಿ ಸಭೆಗೆ ಹೋಯಿತು, ಅಲ್ಲಿ ಪ್ರತಿ ರಾಜ್ಯಕ್ಕೂ ಒಂದೇ ಮತ, 16 ರಾಜ್ಯಗಳಲ್ಲಿ 9 ಬೇಕು. 1801ರ ಫೆಬ್ರವರಿ 11ರಿಂದ ಸುತ್ತಿನ ಮೇಲೆ ಸುತ್ತು ಮತ ಹಾಕಿದರು. ಜೆಫರ್ಸನ್‌ಗೆ 8ರಿಂದ ಮುಂದಕ್ಕೆ ಹೋಗಲಾಗಲಿಲ್ಲ. ಪೆನ್ಸಿಲ್ವೇನಿಯಾ, ವರ್ಜೀನಿಯಾಗಳ ಗವರ್ನರುಗಳು ಸೇನಾದಳಗಳನ್ನು ಸಜ್ಜಾಗಿಟ್ಟಿದ್ದರು. ಕೊನೆಗೆ 17ರಂದು, 36ನೆಯ ಸುತ್ತಿನಲ್ಲಿ, ಡೆಲವೇರ್‌ನ ಏಕೈಕ ಪ್ರತಿನಿಧಿ ಜೇಮ್ಸ್ ಬೇಯರ್ಡ್ ಎಂಬ ಫೆಡರಲಿಸ್ಟ್ ಬರ್‌ನಿಂದ ಕೈ ಹಿಂದೆಗೆದುಕೊಂಡು ಖಾಲಿ ಚೀಟಿ ಹಾಕಿದ. ಅವನ ಜೊತೆ ಇತರರೂ ಹಿಂದೆ ಸರಿದದ್ದರಿಂದ ಜೆಫರ್ಸನ್ 10 ರಾಜ್ಯಗಳಿಂದ ಗೆದ್ದ. ಮಾರ್ಚ್ 4ರಂದು ಅಧಿಕಾರ ಒಂದು ಗುಂಪಿನಿಂದ ಅದರ ವೈರಿ ಗುಂಪಿಗೆ ರಕ್ತ ಚೆಲ್ಲದೆ ಹೋಯಿತು. ಆ ದಿನ ಬೆಳಗಾಗುವ ಮೊದಲೇ ಆಡಮ್ಸ್ ರಾಜಧಾನಿ ಬಿಟ್ಟು ಹೊರಟಿದ್ದ.

ಇನ್ನೊಮ್ಮೆ ಹೀಗಾಗದಿರಲೆಂದು 1804ರಲ್ಲಿ ಸಂವಿಧಾನಕ್ಕೆ 12ನೆಯ ತಿದ್ದುಪಡಿ ಬಂತು. ಎಲೆಕ್ಟರ್‌ಗಳು ಇನ್ನು ಮೇಲೆ ಅಧ್ಯಕ್ಷನಿಗೊಂದು, ಉಪಾಧ್ಯಕ್ಷನಿಗೊಂದು ಚೀಟಿ ಬರೆಯಬೇಕು. ಪಕ್ಷ ಎಂಬ ಪದವನ್ನು ಆಗಲೂ ಸೇರಿಸಲಿಲ್ಲ. ಆದರೆ ಪಕ್ಷಗಳಿಲ್ಲದಿದ್ದರೆ ಆ ತಿದ್ದುಪಡಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಇಲ್ಲಿಗೆ ಎರಡು ಪಕ್ಷಗಳ ವ್ಯವಸ್ಥೆ ನೆಲೆಯೂರಿತು ಎಂದುಕೊಂಡರೆ ತಪ್ಪು. ಗೆದ್ದವರು ಮಾಡಹೊರಟದ್ದು ಎದುರು ಪಕ್ಷವನ್ನು ಕರಗಿಸುವ ಕೆಲಸ, ಅದರಲ್ಲಿ ಯಶಸ್ವಿಯೂ ಆದರು. 1820ರಲ್ಲಿ ಜೇಮ್ಸ್ ಮನ್ರೊ ಎದುರಾಳಿಯಿಲ್ಲದೆ ಆರಿಸಿ ಬಂದ, ಒಂದೇ ಒಂದು ಎಲೆಕ್ಟರ್ ಮತ ಅವನ ವಿರುದ್ಧ ಬಿತ್ತು. ಕನಸು ಕೈಗೂಡಿತ್ತು. ನಾಲ್ಕೇ ವರ್ಷದಲ್ಲಿ ಅದರ ನಿಜರೂಪ ಬಯಲಾಯಿತು. 1824ರಲ್ಲಿ ಎಲ್ಲರೂ ಒಂದೇ ಪಕ್ಷದವರೆನಿಸಿಕೊಂಡ ನಾಲ್ವರು ಕಣಕ್ಕಿಳಿದರು. ಆಂಡ್ರ್ಯೂ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ವಿಲಿಯಂ ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37. ಯಾರಿಗೂ ಬಹುಮತವಿಲ್ಲ. ಮತ್ತೆ ಪ್ರತಿನಿಧಿ ಸಭೆ. ಅಲ್ಲಿ ಕ್ಲೇ ಬೆಂಬಲದಿಂದ ಆಡಮ್ಸ್ ಗೆದ್ದ, ಕ್ಲೇ ಅವನ ವಿದೇಶಾಂಗ ಸಚಿವನಾದ. ಪಕ್ಷವಿಲ್ಲದ ರಾಜಕೀಯ ಎಂದರೆ ಸಜ್ಜನರ ಸಹಬಾಳ್ವೆಯಲ್ಲ, ಬಾಗಿಲು ಮುಚ್ಚಿಕೊಂಡು ನಡೆಸುವ ವ್ಯವಹಾರ ಎಂದು ಜಾಕ್ಸನ್ ಕಡೆಯವರು ಊರೂರಲ್ಲಿ ಕೂಗಿದರು.

ಇದನ್ನೆಲ್ಲ ಸೆನೆಟ್ಟಿನಲ್ಲಿ ಕುಳಿತು ನೋಡುತ್ತಿದ್ದವನು ಮಾರ್ಟಿನ್ ವ್ಯಾನ್ ಬ್ಯೂರನ್. ಅಮೆರಿಕದ ಸ್ಥಾಪಕರ ಸಾಲಿನಲ್ಲಿ ಅವನ ಚಿತ್ರ ತೂಗುವುದಿಲ್ಲ, ಅಧ್ಯಕ್ಷನಾಗಿಯೂ ಅವನನ್ನು ದೊಡ್ಡವನೆಂದು ಯಾರೂ ಎಣಿಸುವುದಿಲ್ಲ. ಆದರೆ ಪಕ್ಷವನ್ನು ನಾಚಿಕೆಯಿಲ್ಲದೆ, ಕಣ್ಣು ತೆರೆದು, ಒಳ್ಳೆಯದೆಂದೇ ನಂಬಿ ಕಟ್ಟಿದ ಮೊದಲಿಗ ಅವನು. ಈ ಕತೆಯ ನಡುವಿನ ವ್ಯಕ್ತಿ ಅವನೇ ಎಂದು ನಾನು ನಂಬುತ್ತೇನೆ.

ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಎಂಬ ಡಚ್ ಹಳ್ಳಿಯಲ್ಲಿ 1782ರಲ್ಲಿ ಹುಟ್ಟಿದ. ಮನೆಮಾತು ಡಚ್, ಇಂಗ್ಲಿಷ್ ಮಾತೃಭಾಷೆಯಲ್ಲದ ಏಕೈಕ ಅಮೆರಿಕನ್ ಅಧ್ಯಕ್ಷ ಅವನು. ತಂದೆ ಹೆದ್ದಾರಿ ಬದಿಯಲ್ಲಿ ಪಾನಗೃಹವೂ ತಂಗುಮನೆಯೂ ಆಗಿದ್ದ ಒಂದು ಮಳಿಗೆ ನಡೆಸುತ್ತಿದ್ದ. ನ್ಯೂಯಾರ್ಕ್–ಆಲ್ಬನಿ ನಡುವೆ ಓಡಾಡುವ ವಕೀಲರೂ ರಾಜಕಾರಣಿಗಳೂ ಅಲ್ಲಿ ತಂಗುತ್ತಿದ್ದರು, ಮತದಾನವೂ ಅಲ್ಲೇ ನಡೆಯುತ್ತಿತ್ತು. ಕಾಲೇಜಿಗೆ ಹೋಗುವ ಅನುಕೂಲ ಇರಲಿಲ್ಲ. ಹದಿಹರೆಯದಲ್ಲೇ ವಕೀಲರೊಬ್ಬರ ಬಳಿ ಕಲಿಯಲು ಸೇರಿದ. ಅವರು ಫೆಡರಲಿಸ್ಟರು, ಊರಿನ ಗಣ್ಯರೆಲ್ಲ ಫೆಡರಲಿಸ್ಟರು. ಹುಡುಗ ಮಾತ್ರ ಜೆಫರ್ಸನ್ ಪಕ್ಷದಲ್ಲೇ ಉಳಿದ. ಮುಂದೆ ನ್ಯೂಯಾರ್ಕ್ ನಗರದಲ್ಲಿ ಆರನ್ ಬರ್‌ನ ಆಪ್ತನೊಬ್ಬನ ಕೈಕೆಳಗೆ ಕಲಿತರೂ 1804ರಲ್ಲಿ ಬರ್ ಸ್ವಂತ ಪಕ್ಷದ ಅಭ್ಯರ್ಥಿಯ ವಿರುದ್ಧ ಗವರ್ನರ್ ಸ್ಥಾನಕ್ಕೆ ನಿಂತಾಗ ಅವನ ಕಡೆ ಹೋಗಲಿಲ್ಲ. ಜಮೀನ್ದಾರಿ ಕುಟುಂಬಗಳ ಸಂಬಂಧ, ಗುರುವಿನ ಋಣ, ದೊಡ್ಡವರ ದಾಕ್ಷಿಣ್ಯ, ಇವುಗಳಿಂದಲೇ ನಡೆಯುತ್ತಿದ್ದ ರಾಜಕೀಯದಲ್ಲಿ ಹೆಸರೂ ಹಣವೂ ಇಲ್ಲದವನಿಗೆ ಪಕ್ಷನಿಷ್ಠೆಯೊಂದೇ ಏಣಿ ಎಂಬುದು ಅವನಿಗೆ ಬಾಳಿನಿಂದಲೇ ತಿಳಿದಿತ್ತು.

ನ್ಯೂಯಾರ್ಕಿನ ರಾಜಕೀಯದಲ್ಲಿ ಆಗ ಡಿವಿಟ್ ಕ್ಲಿಂಟನ್ನನದೇ ಪ್ರಭಾವ. ಹಳೆಯ ಮನೆತನ, ಇರಿ ಕಾಲುವೆ ತೋಡಿಸಿದ ಕೀರ್ತಿ, ಪಕ್ಷವನ್ನು ಸ್ವಂತ ಆಸ್ತಿಯಂತೆ ನೋಡುವ ಅಭ್ಯಾಸ. ಅವನ ವಿರುದ್ಧ ವ್ಯಾನ್ ಬ್ಯೂರನ್ ಆಲ್ಬನಿಯಲ್ಲಿ ಒಂದು ಕೂಟ ಕಟ್ಟಿದ. ‘ಆಲ್ಬನಿ ರೀಜೆನ್ಸಿ’ ಎಂದು ಜನ ಕರೆದರು. ಅದರ ನಿಯಮ ಸರಳ: ಒಳಗಿನ ಸಭೆಯಲ್ಲಿ ಎಷ್ಟು ಬೇಕಾದರೂ ಜಗಳವಾಡಿ, ತೀರ್ಮಾನವಾದ ಮೇಲೆ ಎಲ್ಲರೂ ಅದಕ್ಕೆ ಬದ್ಧ, ಸೋತವನ ಸರದಿ ಮುಂದೆ ಬರುತ್ತದೆ. ‘ಆಲ್ಬನಿ ಆರ್ಗಸ್’ ಪತ್ರಿಕೆ ಆ ತೀರ್ಮಾನವನ್ನು ಪ್ರತಿ ಜಿಲ್ಲೆಗೂ ಮುಟ್ಟಿಸುತ್ತಿತ್ತು. ದೊಡ್ಡ ಮನುಷ್ಯನೊಬ್ಬನ ಸುತ್ತ ಸೇರುವ ಹಿಂಬಾಲಕರ ಗುಂಪಲ್ಲ ಇದು. ಮನುಷ್ಯರು ಬದಲಾದರೂ ಉಳಿಯುವ ಸಂಸ್ಥೆ. ಇಲ್ಲಿಯವರೆಗಿನ ಎಲ್ಲ ಗುಂಪುಗಳಿಗಿಂತ ಇದು ಬೇರೆಯಾಗುವುದು ಈ ಅಂಶದಲ್ಲಿ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳದ್ದು. ಎದುರು ಪಕ್ಷ ಅಳಿಯಬೇಕು ಎಂಬ ಹಂಬಲ ವ್ಯಾನ್ ಬ್ಯೂರನ್‌ಗೆ ಇರಲಿಲ್ಲ. ಅದು ಇರಲೇಬೇಕು, ಅದಿಲ್ಲದಿದ್ದರೆ ನಮ್ಮವರು ಒಳಗೊಳಗೇ ಒಡೆದುಹೋಗುತ್ತಾರೆ, 1824 ಅದಕ್ಕೆ ಸಾಕ್ಷಿ ಎಂದು ಅವನು ವಾದಿಸಿದ. ಚರ್ಚೆಯಲ್ಲಿ ಬೆಂಕಿ ಕಾರಿದ ಎದುರಾಳಿಗಳ ಜೊತೆ ಸಂಜೆ ಊಟಕ್ಕೆ ಕೂರಬಲ್ಲ ಸೌಜನ್ಯ ಅವನಲ್ಲಿತ್ತು. ವಿರೋಧಿ ದ್ರೋಹಿಯಲ್ಲ ಎಂಬ ತಿಳಿವು ಇಂದು ನಮಗೆ ಹಳಸಲು ಮಾತಾಗಿ ಕೇಳಬಹುದು. ಮ್ಯಾಡಿಸನ್, ಜೆಫರ್ಸನ್, ಹ್ಯಾಮಿಲ್ಟನ್‌ರಂಥ ಮೇಧಾವಿಗಳಿಗೆ ಹೊಳೆಯದೇ ಹೋದದ್ದು ಅದು.

ಆದರೆ ಈ ಶೋಧಕ್ಕೆ ತೆತ್ತ ಬೆಲೆಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು. 1821ರಲ್ಲಿ ನ್ಯೂಯಾರ್ಕ್ ತನ್ನ ಸಂವಿಧಾನವನ್ನು ತಿದ್ದಿತು, ವ್ಯಾನ್ ಬ್ಯೂರನ್ ಆ ಸಭೆಯ ಸದಸ್ಯ. ಬಿಳಿಯ ಗಂಡಸರಿಗೆ ಆಸ್ತಿಯ ಷರತ್ತನ್ನು ತೆಗೆದರು. ಕರಿಯರು ಮತ ಹಾಕಬೇಕಾದರೆ 250 ಡಾಲರ್ ಆಸ್ತಿ ಇರಬೇಕೆಂದರು. ಪಕ್ಷದ ಬಾಗಿಲು ಒಬ್ಬರಿಗೆ ತೆರೆದದ್ದೂ ಇನ್ನೊಬ್ಬರಿಗೆ ಮುಚ್ಚಿದ್ದೂ ಒಂದೇ ಸಭೆಯಲ್ಲಿ. 1827ರ ಜನವರಿ 13ರಂದು ವಾಷಿಂಗ್ಟನ್ನಿನಿಂದ ಅವನು ರಿಚ್ಮಂಡ್‌ನ ಪತ್ರಿಕಾ ಸಂಪಾದಕ ಥಾಮಸ್ ರಿಚಿಗೆ ಒಂದು ಕಾಗದ ಬರೆದ. ಅಮೆರಿಕದ ಪಕ್ಷವ್ಯವಸ್ಥೆಗೆ ಜಾತಕ ಎಂಬುದಿದ್ದರೆ ಅದು ಆ ಕಾಗದವೇ. ದಕ್ಷಿಣದ ತೋಟದ ಧಣಿಗಳೂ ಉತ್ತರದ ಸಾಮಾನ್ಯ ರಿಪಬ್ಲಿಕನ್ನರೂ ಮತ್ತೆ ಒಂದಾಗಬೇಕು, ಜಾಕ್ಸನ್ನನ ಜನಪ್ರಿಯತೆಯನ್ನು ಹಳೆಯ ಪಕ್ಷದ ಕಟ್ಟಿಗೆ ಬೆಸೆಯಬೇಕು, ಅಭ್ಯರ್ಥಿಯನ್ನು ಆರಿಸಲು ರಾಷ್ಟ್ರೀಯ ಸಮಾವೇಶ ಕರೆಯಬಹುದು ಎಂಬುದು ಅವನ ಯೋಜನೆ. ಅದರ ಕಾರಣವನ್ನೂ ಮುಚ್ಚುಮರೆಯಿಲ್ಲದೆ ಬರೆದ: ಪಕ್ಷದ ಭಾವನೆ ತಣ್ಣಗಾದರೆ ಆ ಜಾಗಕ್ಕೆ ಗುಲಾಮಗಿರಿ ಇರುವ ರಾಜ್ಯ, ಇಲ್ಲದ ರಾಜ್ಯ ಎಂಬ ಪ್ರಾಂತೀಯ ಹಗೆ ಬರುತ್ತದೆ. ಪಕ್ಷಗಳೆರಡೂ ಉತ್ತರ ದಕ್ಷಿಣಗಳಲ್ಲಿ ಹಬ್ಬಿದ್ದರೆ ಆ ಹಗೆಯನ್ನು ತಡೆಯಬಹುದು. ಎಂದರೆ, ಲಕ್ಷಗಟ್ಟಲೆ ಮನುಷ್ಯರ ದಾಸ್ಯದ ಪ್ರಶ್ನೆ ರಾಷ್ಟ್ರದ ಚರ್ಚೆಗೆ ಬಾರದಂತೆ ನೋಡಿಕೊಳ್ಳುವುದೇ ಈ ಯಂತ್ರದ ಒಂದು ಕೆಲಸ. 1836ರಿಂದ 1844ರವರೆಗೆ ಗುಲಾಮಗಿರಿಯ ವಿರುದ್ಧದ ಅರ್ಜಿಗಳನ್ನು ಪ್ರತಿನಿಧಿ ಸಭೆ ಓದದೆಯೇ ಬದಿಗಿಟ್ಟಿತು. ಆ ನಿಯಮಕ್ಕೆ ಬೇಕಾದ ಬಲವನ್ನು ದಕ್ಷಿಣದವರ ಜೊತೆಗೆ ಉತ್ತರದ ಡೆಮಾಕ್ರಾಟರೂ ಒದಗಿಸಿದರು.

ಯಂತ್ರ ಕೆಲಸ ಮಾಡಿತು. 1824ರಲ್ಲಿ ಮತ ಹಾಕಿದ್ದವರು ಮೂರೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. 1828ರಲ್ಲಿ ಹನ್ನೊಂದು ಲಕ್ಷ ದಾಟಿತು. ಆ ಹೊತ್ತಿಗೆ ಎರಡು ರಾಜ್ಯಗಳನ್ನು ಬಿಟ್ಟು ಉಳಿದೆಡೆ ಎಲೆಕ್ಟರ್‌ಗಳನ್ನು ಜನರೇ ಆರಿಸತೊಡಗಿದ್ದರು ಎಂಬುದೂ ಅದಕ್ಕೊಂದು ಕಾರಣ. ಜಾಕ್ಸನ್ 178–83ರಲ್ಲಿ ಗೆದ್ದ. ಡೆಮಾಕ್ರಟಿಕ್ ಪಕ್ಷ ಹುಟ್ಟಿತ್ತು.

ರಾಷ್ಟ್ರೀಯ ಸಮಾವೇಶವನ್ನು ಮೊದಲು ಮಾಡಿ ತೋರಿಸಿದವರು ಮಾತ್ರ ಬೇರೆಯೇ ಜನ. 1826ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯಾದಲ್ಲಿ ಮೇಸನ್ ಎಂಬ ರಹಸ್ಯ ಸಂಘದ ಗುಟ್ಟುಗಳನ್ನು ಅಚ್ಚು ಹಾಕಿಸಲು ಹೊರಟ ವಿಲಿಯಂ ಮಾರ್ಗನ್ ಎಂಬವನನ್ನು ಚಿಕ್ಕದೊಂದು ಸಾಲದ ನೆಪದಲ್ಲಿ ಸೆರೆಗೆ ಹಾಕಿ, ಅಲ್ಲಿಂದ ಎತ್ತಿಕೊಂಡು ಹೋದರು. ಅವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ನ್ಯಾಯಾಧೀಶರೂ ಶೆರೀಫರೂ ಸಂಘದವರೇ ಆಗಿದ್ದರಿಂದ ನ್ಯಾಯ ಸಿಗುತ್ತಿಲ್ಲ ಎಂಬ ಸಿಟ್ಟಿನಿಂದ ಮೇಸನ್ ವಿರೋಧಿ ಪಕ್ಷ ಹುಟ್ಟಿತು. ಅಲ್ಲಿಯವರೆಗೆ ಅಧ್ಯಕ್ಷ ಅಭ್ಯರ್ಥಿಯನ್ನು ಗೊತ್ತುಮಾಡುತ್ತಿದ್ದವರು ಆಯಾ ಪಕ್ಷದ ಸಂಸದರು. ಈ ಹೊಸ ಪಕ್ಷಕ್ಕೆ ಅಷ್ಟು ಸಂಸದರೇ ಇರಲಿಲ್ಲ. ಹಾಗಾಗಿ 1831ರ ಸೆಪ್ಟೆಂಬರ್‌ನಲ್ಲಿ ರಾಜ್ಯರಾಜ್ಯಗಳಿಂದ ಪ್ರತಿನಿಧಿಗಳನ್ನು ಬಾಲ್ಟಿಮೋರಿಗೆ ಕರೆಸಿ ಅಭ್ಯರ್ಥಿಯನ್ನು ಆರಿಸಿದರು. ಇಲ್ಲದಿರುವಿಕೆಯಿಂದ ಹುಟ್ಟಿದ ಆ ಉಪಾಯವೇ ಇಂದು ನಾಲ್ಕು ವರ್ಷಕ್ಕೊಮ್ಮೆ ಜಗತ್ತೆಲ್ಲ ಟಿವಿಯಲ್ಲಿ ನೋಡುವ ಸಮಾವೇಶ. ಅವರ ಅಭ್ಯರ್ಥಿ ವಿಲಿಯಂ ವರ್ಟ್ ಗೆದ್ದದ್ದು ವರ್ಮಾಂಟ್ ಒಂದನ್ನೇ. ಮರುವರ್ಷ ಅದೇ ಬಾಲ್ಟಿಮೋರಿನಲ್ಲಿ ಡೆಮಾಕ್ರಾಟರು ಸೇರಿ ವ್ಯಾನ್ ಬ್ಯೂರನ್‌ನನ್ನು ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಿದರು. ಅಭ್ಯರ್ಥಿಗೆ ಮೂರರಲ್ಲಿ ಎರಡು ಪಾಲು ಮತ ಬೇಕೆಂಬ ನಿಯಮವನ್ನೂ ಅಲ್ಲೇ ಮಾಡಿದರು.

ಜಾಕ್ಸನ್ ವಿರೋಧಿಗಳು 1834ರ ಹೊತ್ತಿಗೆ ‘ವಿಗ್’ ಎಂಬ ಹೆಸರಿನಲ್ಲಿ ಒಟ್ಟಾದರು. ಪಕ್ಷಶಿಸ್ತನ್ನು ಹೀನಾಯವೆಂದು ಹಳಿಯುತ್ತಲೇ ಅದನ್ನು ಕಲಿತರು. 1840ರಲ್ಲಿ ಅವರ ಅಭ್ಯರ್ಥಿ ವಿಲಿಯಂ ಹೆನ್ರಿ ಹ್ಯಾರಿಸನ್, ವರ್ಜೀನಿಯಾದ ಶ್ರೀಮಂತ ತೋಟದ ಮನೆಯಲ್ಲಿ ಹುಟ್ಟಿದವನು. ಎದುರು ಪಕ್ಷದ ಪತ್ರಿಕೆಯೊಂದು ಅವನನ್ನು ಮರದ ದಿಮ್ಮಿಯ ಗುಡಿಸಲಿನಲ್ಲಿ ಕೂತು ಸೇಬಿನ ಹೆಂಡ ಕುಡಿದುಕೊಂಡಿರಲಿ ಎಂಬರ್ಥದಲ್ಲಿ ಹೀಯಾಳಿಸಿದ್ದೇ ತಡ, ವಿಗ್ಗರು ಗುಡಿಸಲನ್ನೇ ಗುರುತು ಮಾಡಿಕೊಂಡರು. ಗಾಡಿಗಳ ಮೇಲೆ ಗುಡಿಸಲು ಕಟ್ಟಿ ಮೆರವಣಿಗೆ ಮಾಡಿದರು, ಹಾಡು ಕಟ್ಟಿದರು. ಅರ್ಹ ಮತದಾರರಲ್ಲಿ ನೂರಕ್ಕೆ ಸುಮಾರು 80 ಮಂದಿ ಮತ ಹಾಕಿದರು. ಅಧ್ಯಕ್ಷನಾಗಿದ್ದ ವ್ಯಾನ್ ಬ್ಯೂರನ್ 234–60ರಲ್ಲಿ ಸೋತ. ಎರಡು ಸಮಬಲದ ಪಕ್ಷಗಳು ಸರದಿಯ ಮೇಲೆ ಆಳುವ ವ್ಯವಸ್ಥೆ ಪೂರ್ತಿಯಾದದ್ದು ಅದನ್ನು ಯೋಜಿಸಿದವನ ಈ ಸೋಲಿನಲ್ಲಿ.

1844ರಲ್ಲಿ ಅವನು ಮತ್ತೆ ಅಭ್ಯರ್ಥಿಯಾಗಬೇಕಿತ್ತು. ಟೆಕ್ಸಸ್ಸನ್ನು, ಅಂದರೆ ಗುಲಾಮಗಿರಿಯ ಮತ್ತೊಂದು ನಾಡನ್ನು, ಒಕ್ಕೂಟಕ್ಕೆ ಆತುರದಿಂದ ಸೇರಿಸುವುದು ಬೇಡ ಎಂದ. ಸಮಾವೇಶದ ಮೊದಲ ಸುತ್ತಿನಲ್ಲಿ ಅವನಿಗೆ ಬಹುಮತವೇ ಬಂದಿತ್ತು, ಮೂರರಲ್ಲಿ ಎರಡು ಪಾಲು ಬರಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಜೇಮ್ಸ್ ಪೋಕ್ ಅಭ್ಯರ್ಥಿಯಾದ. 1848ರ ಆಗಸ್ಟ್‌ನಲ್ಲಿ ಬಫಲೋ ಊರಿನಲ್ಲಿ ಹೊಸದೊಂದು ಪಕ್ಷ ಸೇರಿತು. ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹಬ್ಬಕೂಡದು ಎಂಬುದೇ ಅದರ ಮುಖ್ಯ ಕೂಗು, ‘ಫ್ರೀ ಸಾಯಿಲ್’ ಎಂಬುದೇ ಹೆಸರು. ಅಧ್ಯಕ್ಷ ಸ್ಥಾನಕ್ಕೆ ಅದು ಆರಿಸಿದ್ದು ಮಾರ್ಟಿನ್ ವ್ಯಾನ್ ಬ್ಯೂರನ್‌ನನ್ನು. ಉಪಾಧ್ಯಕ್ಷ ಸ್ಥಾನಕ್ಕೆ ಅವನು ಇಪ್ಪತ್ತು ವರ್ಷಗಳ ಹಿಂದೆ ಕೆಳಗಿಳಿಸಿದ್ದ ಜಾನ್ ಕ್ವಿನ್ಸಿ ಆಡಮ್ಸ್‌ನ ಮಗನನ್ನು. ನೂರಕ್ಕೆ ಹತ್ತು ಮತ ಬಂತು, ಎಲೆಕ್ಟರ್ ಒಬ್ಬನೂ ಬರಲಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಮೂರನೆಯ ಸ್ಥಾನಕ್ಕೆ ತಳ್ಳಿದ. ರಾಜ್ಯ ವಿಗ್ಗರ ಪಾಲಾಯಿತು, ಅಧ್ಯಕ್ಷ ಪದವಿಯೂ.

ಆರು ವರ್ಷಗಳ ಮೇಲೆ ಬಿರುಕು ಬಾಯ್ಬಿಟ್ಟಿತು. 1854ರ ಕಾನ್ಸಸ್–ನೆಬ್ರಾಸ್ಕಾ ಕಾಯಿದೆ ಗುಲಾಮಗಿರಿಗೆ ಉತ್ತರದ ಬಯಲುಗಳ ಬಾಗಿಲು ತೆರೆದಾಗ ವಿಗ್ ಪಕ್ಷದ ಉತ್ತರ ದಕ್ಷಿಣ ಭಾಗಗಳು ಬೇರೆಬೇರೆಯಾದವು. ವಿಸ್ಕಾನ್ಸಿನ್‌ನ ರಿಪನ್ ಎಂಬ ಹಳ್ಳಿಯ ಶಾಲಾ ಕೊಠಡಿಯಲ್ಲಿ ಮಾರ್ಚ್ 20ರಂದು ಸೇರಿದ ಸಭೆ, ಜುಲೈ 6ರಂದು ಮಿಷಿಗನ್‌ನ ಜಾಕ್ಸನ್ ಊರಿನಲ್ಲಿ ಸಭಾಂಗಣ ಸಾಲದೆ ಓಕ್ ಮರಗಳ ಕೆಳಗೆ ಸೇರಿದ ಜನ, ಇಂಥ ಹಲವು ಕಡೆಗಳಲ್ಲಿ ಇಂದಿನ ರಿಪಬ್ಲಿಕನ್ ಪಕ್ಷ ಹುಟ್ಟಿತು. ವಿಗ್ಗರ ಖಾಲಿ ಸ್ಥಾನ ಇವರಿಗೇ ಸಿಗುತ್ತದೆ ಎಂಬ ಖಾತ್ರಿ ಆಗ ಇರಲಿಲ್ಲ. ವಲಸಿಗರನ್ನೂ ಕ್ಯಾಥೊಲಿಕ್ಕರನ್ನೂ ದ್ವೇಷಿಸುವ ಅಮೆರಿಕನ್ ಪಾರ್ಟಿಯೂ ಅದೇ ಸ್ಥಾನಕ್ಕೆ ಓಡುತ್ತಿತ್ತು, 1856ರಲ್ಲಿ ಅದಕ್ಕೂ ಐದರಲ್ಲಿ ಒಂದು ಪಾಲು ಮತ ಬಂತು. ಹೊಸ ಪಕ್ಷವೊಂದು ಹಳೆಯದನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ಕೂತದ್ದು ಅದೇ ಕೊನೆ. 1860ರಲ್ಲಿ ಅಬ್ರಹಾಂ ಲಿಂಕನ್ ನೂರಕ್ಕೆ 40ಕ್ಕಿಂತ ಕಡಿಮೆ ಮತಗಳಿಂದ ಗೆದ್ದ. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅವನ ಹೆಸರಿನ ಚೀಟಿಯೇ ಇರಲಿಲ್ಲ. ಚೀಟಿ ಒದಗಿಸುವುದು ಆಗ ಸರ್ಕಾರದ ಕೆಲಸವಾಗಿರಲಿಲ್ಲ, ಪಕ್ಷಗಳೇ ಬಣ್ಣಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚುತ್ತಿದ್ದವು. ದಕ್ಷಿಣದಲ್ಲಿ ಹಂಚುವವರು ಯಾರಿದ್ದರು?

ಅಂದಿನಿಂದ ಅವೇ ಎರಡು ಹೆಸರುಗಳು. ಏಕೆ ಎಂಬುದಕ್ಕೆ ಫ್ರಾನ್ಸಿನ ವಿದ್ವಾಂಸ ಮೊರಿಸ್ ದ್ಯುವೆರ್ಜೆ 1951ರಲ್ಲಿ ಕೊಟ್ಟ ಉತ್ತರ ಪ್ರಸಿದ್ಧ. ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ, ಅತಿ ಹೆಚ್ಚು ಮತ ಬಂದವನೇ ಗೆದ್ದವನು ಎಂಬ ನಿಯಮವಿದ್ದರೆ ಮೂರನೆಯವನು ಮತ ಪಡೆದರೂ ಸೀಟು ಪಡೆಯುವುದಿಲ್ಲ, ಅದನ್ನು ಕಂಡ ಮತದಾರ ಮುಂದಿನ ಸಲ ಅವನಿಗೆ ಮತ ಹಾಕುವುದಿಲ್ಲ. 1992ರಲ್ಲಿ ರಾಸ್ ಪೆರೋಗೆ ನೂರಕ್ಕೆ ಹತ್ತಿರ ಹತ್ತಿರ 19 ಮತ ಬಂದರೂ ಎಲೆಕ್ಟರ್ ಒಬ್ಬನೂ ಸಿಗಲಿಲ್ಲ. ಈ ಉತ್ತರ ಸರಿಯೇ, ಆದರೆ ಅಷ್ಟೇ ಸಾಲದು ಎನಿಸುತ್ತದೆ ನನಗೆ. 1854ರಲ್ಲೂ ಇದೇ ನಿಯಮವಿತ್ತು, ಆದರೂ ವಿಗ್ ಪಕ್ಷ ಸತ್ತಿತು. ನಡುವೆ ಬದಲಾದದ್ದು ಚೀಟಿ. 1888ರಲ್ಲಿ ಮ್ಯಾಸಚೂಸೆಟ್ಸ್, ಅನಂತರ ಒಂದೊಂದೇ ರಾಜ್ಯ, ಸರ್ಕಾರವೇ ಅಚ್ಚು ಹಾಕಿಸುವ ರಹಸ್ಯ ಮತಚೀಟಿಯನ್ನು ತಂದವು. ಲಂಚ, ಬೆದರಿಕೆ ತಗ್ಗಿದವು. ಆದರೆ ಯಾರ ಹೆಸರು ಚೀಟಿಯ ಮೇಲೆ ಬರಬೇಕು ಎಂಬುದನ್ನು ಈಗ ಕಾನೂನು ಹೇಳಬೇಕಾಯಿತು. ಕಾನೂನು ಬರೆಯುವ ಶಾಸನಸಭೆಗಳಲ್ಲಿ ಕೂತಿದ್ದವರು ಆ ಎರಡು ಪಕ್ಷದವರೇ. ರೈತರ ಪಾಪ್ಯುಲಿಸ್ಟ್ ಪಕ್ಷ 1890ರ ದಶಕದಲ್ಲಿ ದೊಡ್ಡ ಪಕ್ಷದೊಡನೆ ಒಬ್ಬನೇ ಅಭ್ಯರ್ಥಿಯನ್ನು ಹಂಚಿಕೊಂಡು ಗೆಲ್ಲತೊಡಗಿದಾಗ ಒಬ್ಬನ ಹೆಸರು ಎರಡು ಪಕ್ಷಗಳ ಅಡಿಯಲ್ಲಿ ಬರಕೂಡದೆಂದು ಹಲವು ರಾಜ್ಯಗಳು ಕಾಯಿದೆ ಮಾಡಿದವು.

ಹೊರಗಿನಿಂದ ಬಾಗಿಲು ಮುಚ್ಚಿದ ಅದೇ ಕಾಲದಲ್ಲಿ ಒಳಗೊಂದು ಬಾಗಿಲು ತೆರೆಯಿತು. 1903ರಲ್ಲಿ ವಿಸ್ಕಾನ್ಸಿನ್ ಮಾಡಿದ ಕಾನೂನಿನ ಮಾದರಿಯಲ್ಲಿ ಪಕ್ಷದ ಅಭ್ಯರ್ಥಿಯನ್ನು ಮುಖಂಡರ ಬದಲು ಮತದಾರರೇ ಆರಿಸುವ ‘ಪ್ರೈಮರಿ’ ಚುನಾವಣೆ ಹರಡಿತು. ಅದರಿಂದ ಏನು ಸಾಧ್ಯ ಎಂಬುದನ್ನು ಕಂಡುಕೊಂಡವರು ಉತ್ತರ ಡಕೋಟದ ಗೋಧಿ ಬೆಳೆಗಾರರು. ಅವರ ಧಾನ್ಯದ ತೂಕ, ದರ್ಜೆ, ಬೆಲೆ, ಸಾಲದ ಬಡ್ಡಿ ಎಲ್ಲವೂ ದೂರದ ಮಿನಿಯಾಪೊಲಿಸ್ ವರ್ತಕರ ಕೈಲಿದ್ದವು. 1915ರಲ್ಲಿ ಆರ್ಥರ್ ಟೌನ್ಲಿ ಎಂಬ, ಅಗಸೆ ಬೇಸಾಯದಲ್ಲಿ ದಿವಾಳಿಯಾಗಿದ್ದ ಸಂಘಟಕ ‘ನಾನ್‌ಪಾರ್ಟಿಸನ್ ಲೀಗ್’ ಕಟ್ಟಿದ. ಮೂರನೆಯ ಪಕ್ಷವನ್ನು ಅವನು ಮಾಡಲಿಲ್ಲ. ರೈತರೆಲ್ಲ ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಿ ತಮ್ಮವರನ್ನೇ ಅಭ್ಯರ್ಥಿಗಳನ್ನಾಗಿ ಮಾಡಿಕೊಂಡರು. 1916ರಲ್ಲಿ ಲಿನ್ ಫ್ರೇಜರ್ ಎಂಬ ರೈತ ರಿಪಬ್ಲಿಕನ್ ಹೆಸರಿನಲ್ಲಿ ಗವರ್ನರ್ ಆದ. 1919ರಲ್ಲಿ ಸರ್ಕಾರಿ ಒಡೆತನದ ‘ಬ್ಯಾಂಕ್ ಆಫ್ ನಾರ್ತ್ ಡಕೋಟ’ ಸ್ಥಾಪನೆಯಾಯಿತು. 1922ರಲ್ಲಿ ಗ್ರಾಂಡ್ ಫೋರ್ಕ್ಸ್‌ನಲ್ಲಿ ಸರ್ಕಾರಿ ಹಿಟ್ಟಿನ ಗಿರಣಿ ತೆರೆಯಿತು. ಎರಡೂ ಇಂದಿಗೂ ನಡೆಯುತ್ತಿವೆ. ಲೀಗ್ 1956ರಲ್ಲಿ ಆ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಜೊತೆ ವಿಲೀನವಾಯಿತು, ಅಲ್ಲಿ ಆ ಪಕ್ಷದ ಹೆಸರಿನ ಬಾಲದಲ್ಲಿ ಲೀಗಿನ ಹೆಸರೂ ಸೇರಿಕೊಂಡಿದೆ.